ಇಸ್ತ್ರಿ ಮೇಜಿಗೆ ಬಂದ ಚುನಾವಣೆ

ಮನೆಯಿಂದ,
ಮಾರ್ಚ್ ೬, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಇಳಿಸಿ ಕೊನೆಗೆ ನೀನೇ ಹಾಸಿಗೆ ಹಿಡಿದರೆ ಏನು ಗತಿ ಎಂದು ನನಗೆ ದಿನಾ ಚಿಂತೆ. ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ, ಸುಳ್ಳು ಬರೆಯಬೇಡ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಹಾಗೆಂದು ಬರೆದ ಕೂಡಲೇ ಏನಾದರೂ ಆಗಿಬಿಡುತ್ತದೇನೋ ಎಂದು ಹೆದರಿಕೆ, ಆದರೂ ಬರೆದಿದ್ದೇನೆ.

ಇಲ್ಲಿ ಪುರಸಭೆ ಚುನಾವಣೆ. ನಮ್ಮ ವಾರ್ಡಿಗೆ ನನ್ನನ್ನೇ ನಿಲ್ಲು ಎನ್ನುತ್ತಿದ್ದಾರೆ. ನಗಬೇಡ, ಮೊದಲಿನಿಂದ ಹೇಳುತ್ತೇನೆ. ಈಗಿರುವ ಮೆಂಬರು ಹೋದ ವಾರ ಹತ್ತು ಜನರನ್ನು ಕಟ್ಟಿಕೊಂಡು ನಮ್ಮ ಓಣಿಗೆ ಬಂದರು. ಐದು ವರ್ಷದಲ್ಲಿ ಅದೇ ಮೊದಲು. ಮೈಮೇಲಿದ್ದ ಬಿಳಿ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದವಳು ನಾನೇ; ಎಡ ತೋಳಿನ ಗುಂಡಿ ಹೊಲಿದವಳೂ ನಾನೇ. ಅವರು ಕೈಮುಗಿದು, “ನೀವು ಏನು ಕೆಲಸ ಮಾಡ್ಕೊಂಡಿದೀರಮ್ಮ?” ಎಂದರು. ಇಸ್ತ್ರಿಪೆಟ್ಟಿಗೆ ನನ್ನ ಕೈಯಲ್ಲೇ ಇತ್ತು. ಹಿಂದಿನಿಂದ ಹಾಲಿನವಳು, “ನಿಮ್ಮ ಕಾಲರ್‌ನ ಕೇಳಿ ಸ್ವಾಮಿ, ಅದೇ ಹೇಳುತ್ತೆ” ಎಂದುಬಿಟ್ಟಳು. ಓಣಿಯೆಲ್ಲ ನಕ್ಕಿತು. ಅವರೂ ನಕ್ಕು, ವೃತ್ತದಲ್ಲಿ ಬಣ್ಣದ ಕಾರಂಜಿ ಹಾಕಿಸುತ್ತೇನೆ ಎಂದರು. ಬಾಗಿಲ ಮುಂದಿನ ಒಡೆದ ಚರಂಡಿ ಚಪ್ಪಡಿಯ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವರು ಪಂಚೆ ಎತ್ತಿ ಅದನ್ನೇ ದಾಟಿ ಹೋದರು.

ಮರುದಿನ ಬಂದವರು ಪುರಸಭೆಯ ನಿವೃತ್ತ ಗುಮಾಸ್ತರು. ಅವರೂ ನಿಲ್ಲುವವರಿದ್ದರು. ಒಬ್ಬರೇ ಬಂದು ಬಟ್ಟೆಗಂಟಿನ ಪಕ್ಕ ಕುಳಿತು ವಾರ್ಡಿನ ನಕ್ಷೆ ಬಿಡಿಸಿದರು. ಅದರಲ್ಲಿ ನಮ್ಮ ಓಣಿಯೇ ಇರಲಿಲ್ಲ. ಹೆದರುತ್ತಲೇ ಹೇಳಿದೆ, ಪೆನ್ಸಿಲ್ ನನ್ನ ಕೈಗೇ ಕೊಟ್ಟರು. ಗಂಟುಗಳ ಮೇಲೆ ಮನೆ ನಂಬರ್ ಬರೆದೂ ಬರೆದೂ ನನಗೆ ಬಾಯಿಪಾಠವಲ್ಲವೇ. ಇಪ್ಪತ್ತಮೂರು ಮನೆಯನ್ನೂ ಗುರುತು ಮಾಡಿದೆ. ಯಾವ ಕಂಬದ ದೀಪ ಉರಿಯುವುದಿಲ್ಲ, ಯಾರ ನಲ್ಲಿಗೆ ನೀರು ಏರುವುದಿಲ್ಲ, ಯಾವ ಮನೆಯ ಅಜ್ಜ ಆ ಚಪ್ಪಡಿಗೆ ಹೆದರಿ ಹೊರಗೇ ಬರುವುದಿಲ್ಲ, ಎಲ್ಲ ಹೇಳಿದೆ. ಅವರು, “ಮೂವತ್ತು ವರ್ಷ ಆ ಆಫೀಸಲ್ಲಿ ಕೂತಿದ್ದೆ ತಾಯಿ, ಇದೊಂದೂ ಗೊತ್ತಿರಲಿಲ್ಲ. ನಾನು ನಿಲ್ಲೋದಿಲ್ಲ, ನೀವು ನಿಲ್ಲಿ. ಅರ್ಜಿ ನಾನು ತುಂಬಿಕೊಡ್ತೀನಿ” ಎಂದರು.

ಅಂದಿನಿಂದ ಊಟ ಸೇರುತ್ತಿಲ್ಲ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಸಭೆಯಲ್ಲಿ ಕಾಗದ ಕೊಟ್ಟು ಓದಿ ಎಂದರೆ? ಮೆಂಬರು ಸಿಟ್ಟಾಗಿ ಬಟ್ಟೆ ಬೇರೆ ಕಡೆ ಕೊಟ್ಟರೆ? ನಮ್ಮ ಮನೆಯವರು ಮಾತ್ರ, “ಸೋತರೆ ಇಸ್ತ್ರಿ ಇದ್ದೇ ಇದೆ, ಗೆದ್ದರೂ ಬಿಡೋಕಾಗಲ್ಲ, ಮತ್ತೇನು ನಿನ್ನ ಗೋಳು” ಎಂದು ನಗುತ್ತಾರೆ. ಹಾಲಿನವಳು ಆಗಲೇ ಮನೆಮನೆಗೆ ಹಾಲಿನ ಜೊತೆ ನನ್ನ ಹೆಸರನ್ನೂ ಅಳೆದು ಹಾಕುತ್ತಿದ್ದಾಳೆ. ಮೆಂಬರ ಗಂಟು ಈ ಸೋಮವಾರವೂ ಬಂತು. ಮೊದಲಿಗಿಂತ ಜೋಪಾನವಾಗಿ ಇಸ್ತ್ರಿ ಮಾಡಿದೆ, ನಾಳೆ ಯಾರೂ ಹೊಟ್ಟೆಯುರಿಗೆ ಸುಟ್ಟಳು ಎನ್ನಬಾರದು. ಇಷ್ಟು ಚಿಂತೆಯ ನಡುವೆಯೂ ಮನಸ್ಸು ಯಾಕೋ ಹಗುರವಾಗಿದೆ ಅಕ್ಕಾ. ಆ ನಕ್ಷೆಯಲ್ಲಿ ಈಗ ನಮ್ಮ ಓಣಿ ಇದೆ, ನನ್ನ ಸೊಟ್ಟ ಅಕ್ಷರದಲ್ಲಿ.

ನೀನು ಏನು ಹೇಳುತ್ತೀ ಎಂದು ಗೊತ್ತು. “ನಿನಗ್ಯಾಕೆ ಊರ ಉಸಾಬರಿ, ತೆಪ್ಪಗಿರು.” ಚಿಕ್ಕಂದಿನಿಂದ ನಿನ್ನ ಮಾತು ಮೀರಿದವಳಲ್ಲ. ನೀನೊಮ್ಮೆ ಬೇಡ ಎಂದರೆ ನನ್ನ ಕೈಕಾಲೇ ಆಡುವುದಿಲ್ಲ.

ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ. ಇವರೂ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ.

ನಿನ್ನ ಪುಕ್ಕಲು ತಂಗಿ

ಬರೆಯುವುದು ಬಿಟ್ಟುಹೋಗಿತ್ತು: ಅರ್ಜಿ ಸೋಮವಾರವೇ ಕೊಟ್ಟಾಯಿತು. ವಾಪಸು ತೆಗೆದುಕೊಳ್ಳಲು ನಾಳಿದ್ದು ಶುಕ್ರವಾರ ಕೊನೆಯ ದಿನ. ಈ ಕಾಗದ ನಿನಗೆ ಸಿಗುವುದು ಶನಿವಾರ. ಅಂಚೆಯವರನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಬರೆಯಲು ಕುಳಿತೆ.