ಚಂದವಾಗಿ ತಪ್ಪು ಹೇಳುವ ವಿಲ್ಮಾ

ಫೆಬ್ರವರಿ 16, 1977, ಬುಧವಾರ

ಕುರ್ಚಿಗಳನ್ನು ಮತ್ತೆ ಯಾರೋ ಸಾಲಾಗಿ ಇಟ್ಟಿದ್ದಾರೆ. ಕಸ ಗುಡಿಸುವ ಜಾನಿಟರ್ ತಾನಲ್ಲ ಅನ್ನುತ್ತಾನೆ. ಇನ್ಯಾರು? ಇದೇ ಮಹಡಿಯಲ್ಲಿ ಗಣಿತ ವಿಭಾಗ ಇದೆ, ಅಷ್ಟೇ ಹೇಳುತ್ತೇನೆ. ಎಳೆದೆಳೆದು ದುಂಡಗೆ ಜೋಡಿಸಿದೆ. ಸೊಂಟ ಹಿಡಿದುಕೊಂಡಿದೆ.

ನಮ್ಮ ಕ್ಲಿನಿಕ್ಕಿಗೆ ಆ ಗಂಡಸರು ಇಟ್ಟ ಹೆಸರು 'ಅಳುವ ಕೋಣೆ'. ಸ್ತ್ರೀ ಅಧ್ಯಯನದವಳು ಗಣಿತದ ಭಯ ಬಿಡಿಸುತ್ತಾಳಂತೆ, ನಗು ಅವರಿಗೆ. ಮಾರ್ಚ್ 24ಕ್ಕೆ ಕಾಲೇಜಿನ ಸಮಿತಿ ಕೂರುತ್ತದೆ. ಕ್ಲಿನಿಕ್ ಉಳಿಸುವುದೋ ಮುಚ್ಚುವುದೋ. ಸಮಿತಿಯಲ್ಲಿ ಗಣಿತದ ಮುಖ್ಯಸ್ಥ ಪ್ರೆಂಟಿಸ್ ಇದ್ದಾನೆ. ಅವನೊಬ್ಬನ ಮಾತು ಸಾಕು.

ಇವತ್ತು ಹೊಸಬಳೊಬ್ಬಳು—ವಿಲ್ಮಾ. ಐವತ್ತರ ಆಸುಪಾಸು, ಮುತ್ತಿನೋಲೆ, ಒಳ್ಳೆಯ ಉಣ್ಣೆ ಕೋಟು. ಇಲ್ಲಿ ಮೊದಲ ಹೆಸರು ಮಾತ್ರ. ಮನೆ, ಗಂಡ, ಕೆಲಸ ಯಾರೂ ಕೇಳುವ ಹಾಗಿಲ್ಲ. ನಾನೇ ಮಾಡಿದ ನಿಯಮ. ಬಂದವರು ತಾವು ಗಣಿತಕ್ಕೆ ಮೊದಲು ಹೆದರಿದ ದಿನದ ಕಥೆ ಹೇಳುತ್ತಾರೆ. ನರ್ಸ್ ನೋರೀನ್, ಶಾಲೆಯ ಹಲಗೆಯ ಮುಂದೆ ಉಚ್ಚೆ ಹೊಯ್ದುಕೊಂಡದ್ದನ್ನು ಹೇಳಿ ಅತ್ತಳು. ವಿಲ್ಮಾ?

"ನಂದು ಇನ್ನೊಂದಿನ ಹೇಳ್ತೀನಿ," ಅಂದು ಕಾಫಿ ಹೀರಿದಳು.

ಅಳಲಿಲ್ಲ. ಮೊದಲ ದಿನ ಅಳದವರನ್ನು ನಾನು ನಂಬುವುದಿಲ್ಲ.

ಫೆಬ್ರವರಿ 23

ವಿಲ್ಮಾ ಇವತ್ತು ಮೂರು ಲೆಕ್ಕ ತಪ್ಪಿದಳು. ಎಲ್ಲರೂ ಬೆನ್ನು ತಟ್ಟಿದರು. ಇಲ್ಲಿ ತಪ್ಪಿಗೆ ಮರ್ಯಾದೆ ಜಾಸ್ತಿ. ಹೇಗೆ ತಪ್ಪಿದಿರಿ, ಹೇಳಿ, ಅಂತ ಪ್ರೀತಿಯಿಂದ ಕೇಳುತ್ತೇವೆ.

ಆಮೇಲೆ ಲೋಟ ತೊಳೆಯುವಾಗ ಬೆಟೀನಾ ತಲೆಗೆ ಹುಳ ಬಿಟ್ಟಳು. ಬೆಟೀನಾ ನಮ್ಮಲ್ಲಿ ಲೆಕ್ಕ ಹೇಳಿಕೊಡುವವಳು. ಗಣಿತದಲ್ಲಿ ಡಾಕ್ಟರೇಟ್ ಇದ್ದರೂ ಕೆಲಸ ಕಾಯಂ ಆಗಿಲ್ಲ.

"ಲೀಡಿಯಾ, ಆಕೆ ತಪ್ಪು ನೋಡಿದ್ಯಾ? ಎಷ್ಟು ಚಂದ ಇದೆ ಅಂತ!"

"ಚಂದ ಅಂದ್ರೆ?"

"ಹೆದರಿದೋರ ತಪ್ಪು ಕಲಸುಮೇಲೋಗರ ಇರುತ್ತೆ ಕಣೇ. ನೋರೀನ್ ಕೂಡೋದು ಕಳೆಯೋದು ಎಲ್ಲಾ ಒಟ್ಟಿಗೆ ಮಾಡ್ತಾಳೆ. ಈಕೆದು ಹಂಗಲ್ಲ. ಹೆಂಗಸಿಂದ ಗಂಡಸು ಯಾವ ತಪ್ಪು ನಿರೀಕ್ಷೆ ಮಾಡ್ತಾನೋ, ಕರೆಕ್ಟಾಗಿ ಅದೇ."

ಸರಿ ಉತ್ತರ ಗೊತ್ತಿಲ್ಲದೆ ಅಷ್ಟು ಚಂದ ತಪ್ಪಲು ಆಗುತ್ತದೆಯೇ...

ಮಾರ್ಚ್ 1, ಮಧ್ಯಾಹ್ನ

ಗೊತ್ತಾಯಿತು!

ಅಂಚೆ ಕಚೇರಿಯ ಮುಂದೆ ಕೆಸರು ಹಿಮ. ಕಾರಿನಿಂದ ವಿಲ್ಮಾ ಇಳಿದಳು. ಸ್ಟಿಯರಿಂಗ್ ಹಿಡಿದವನು ಪ್ರೆಂಟಿಸ್. ಕಿಟಕಿ ಇಳಿಸಿ, "ಸ್ಟಾಂಪ್ ಚಿಲ್ಲರೆ ಎಣಿಸ್ಕೊಂಡು ತಗೋ, ಡಿಯರ್, ಮೋಸ ಹೋಗ್ಬೇಡ," ಅಂದ. ಆಕೆ ನಕ್ಕಳು.

ಅವನ ಹೆಂಡತಿ! ನನ್ನ ಕೋಣೆಯಲ್ಲಿ, ನನ್ನ ನಿಯಮದ ಮರೆಯಲ್ಲಿ. ಸಮಿತಿಯ ದಿನ ಹತ್ತಿರ ಬಂದಾಗಲೇ. ನೋರೀನ್ ಅತ್ತದ್ದನ್ನೆಲ್ಲ ಇವಳು ರಾತ್ರಿ ಊಟದ ಮೇಜಿನಲ್ಲಿ ಬಡಿಸುತ್ತಿರಬಹುದು.

ಮಾರ್ಚ್ 2

ಬೆಟೀನಾ: "ನೇರ ಕೇಳಿಬಿಡು."

ಕೇಳುವ ಹಾಗಿಲ್ಲವಲ್ಲ. ಬಲೆ ಹೆಣೆಯುತ್ತೇನೆ. ಉತ್ತರವೇ ಇಲ್ಲದ ಲೆಕ್ಕವೊಂದು ಬೇಕು. ಹೆದರಿದವರು ಕಂಡ ಅಂಕಿಗಳನ್ನೆಲ್ಲ ಕೂಡಿಬಿಡುತ್ತಾರೆ. ಗೊತ್ತಿದ್ದವಳು ನಿಂತು ಯೋಚಿಸುತ್ತಾಳೆ. ಒಂದು ಕ್ಷಣವಾದರೂ.

ಮಾರ್ಚ್ 9

ಹಲಗೆಯ ಮೇಲೆ ಬರೆದೆ: ದೋಣಿಯಲ್ಲಿ 36 ಹೆಂಗಸರು. ನದಿ ದಾಟಲು 14 ನಿಮಿಷ. ದೋಣಿಯಲ್ಲಿ ಮಕ್ಕಳೆಷ್ಟು?

ಎಲ್ಲರೂ ಪೆನ್ಸಿಲ್ ಹಿಡಿದರು. ನೋರೀನ್, "ಐವತ್ತಾ?" ಇನ್ನೊಬ್ಬಳು, "ಇಪ್ಪತ್ತೆರಡು ಇರ್ಬೇಕು, ಕಳೀಬೇಕಲ್ವಾ?"

ವಿಲ್ಮಾ ನಕ್ಕುಬಿಟ್ಟಳು. ಕಿಲಕ್ಕನೆ, ಹುಡುಗಿಯ ಹಾಗೆ. ಕೂಡಲೇ ಬಾಯಿ ಮುಚ್ಚಿಕೊಂಡಳು.

"ಯಾಕೆ ನಕ್ಕಿರಿ, ಮಿಸೆಸ್ ಪ್ರೆಂಟಿಸ್?" ಅಂದೆ.

ನನ್ನ ನಿಯಮ ನಾನೇ ಮುರಿದಿದ್ದೆ. ಇದನ್ನೂ ಹೇಳಿಬಿಡುತ್ತೇನೆ: ಆ ಕ್ಷಣ ಖುಷಿಯಾಯಿತು ನನಗೆ.

"ಗಂಡನಿಗೆ ಏನೇನು ವರದಿ ಕೊಟ್ಟಿರಿ?"

"ಅವ್ರಿಗೆ ನಾನು ಇಲ್ಲಿಗೆ ಬರೋದೇ ಗೊತ್ತಿಲ್ಲ. ಬ್ರಿಡ್ಜ್ ಇಸ್ಪೀಟ್ ಆಡೋಕೆ ಹೋಗ್ತೀನಿ ಅಂದ್ಕೊಂಡಿದ್ದಾರೆ."

ಕೋಟು ಮಡಿಲಲ್ಲಿ ಮುದುಡಿ ಹಿಡಿದು, ಇಷ್ಟು ದಿನ ಹೇಳದ ಕಥೆ ಹೇಳಿದಳು. ಗಣಿತದ ಎಂ.ಎ.ಯಲ್ಲಿ ಇವಳೂ ಪ್ರೆಂಟಿಸನೂ ಒಂದೇ ತರಗತಿ. ಹಲಗೆಯ ಮೇಲೆ ಅವನು ಬರೆದ ಪ್ರಮೇಯದ ಸಾಧನೆಯನ್ನು ಇವಳು ತಿದ್ದಿದಳು, ಗುರುಗಳ ಎದುರಿಗೆ. ಅವನು ಮಾತು ಬಿಟ್ಟ. ಚಳಿಗಾಲ ಪೂರ್ತಿ. ಮಾತಾಗಿದ್ದ ಮದುವೆ ತಪ್ಪಿಹೋಯಿತೆಂದು ಮನೆಯಲ್ಲಿ ಅಳು. ವಸಂತದಲ್ಲಿ ಅವನೊಂದು ಲೆಕ್ಕ ಕೇಳಿದ, ಇವಳು ಬೇಕೆಂದೇ ತಪ್ಪು ಹೇಳಿದಳು, ಅವನು ನಕ್ಕ. ಉಂಗುರ ಬಂತು.

"ಆಮೇಲೆ ಅದೇ ಅಭ್ಯಾಸ ಆಗೋಯ್ತು. ಈಗ ಸರಿ ಉತ್ತರ ನಾಲಿಗೆ ತುದೀಗೆ ಬಂದ್ರೆ ಅಂಗೈ ಬೆವರುತ್ತೆ. ಇಲ್ಲಿ ಯಾರೂ ನಗಲ್ಲ ಅಂತ ಕೇಳಿದ್ದೆ. ಒಂದಿನ ಇಲ್ಲಿ ಧೈರ್ಯ ಮಾಡಿ ಸರಿ ಹೇಳ್ಬಹುದು ಅಂದ್ಕೊಂಡಿದ್ದೆ."

ಕೋಟು ತೊಟ್ಟು ಹೋದಳು. ನೋರೀನ್ ನನ್ನ ಮುಖ ನೋಡಲಿಲ್ಲ.

ನಿಜವೇ ಇದು? ಇಷ್ಟು ಹೊಂದುವ ಕಥೆ... ನಾನಿನ್ನೂ ಪೂರ್ತಿ ನಂಬಿಲ್ಲ. ನಾಚಿಕೆಯಾಗುತ್ತದೆ, ಆದರೂ ನಂಬಿಲ್ಲ.

ಮಾರ್ಚ್ 17

ನಿನ್ನೆ ವಿಲ್ಮಾ ಬರಲಿಲ್ಲ. ಬಂದವರೇ ಅರ್ಧ. ಸುದ್ದಿ ಹೇಗೋ ಗಣಿತ ವಿಭಾಗದ ಕಾಫಿ ಮೇಜು ತಲುಪಿದೆ. ಪ್ರೆಂಟಿಸನ ಹೆಂಡತಿಗೇ ಗಣಿತದ ಭಯವಂತೆ ಅಂತ ನಗುತ್ತಿದ್ದಾರಂತೆ. ಪೂರ್ತಿ ಕಥೆ ಹೋಗಿಲ್ಲ, ಪುಣ್ಯ. ಬಾಯಿ ಬಿಟ್ಟವರು ಯಾರು? ಯಾರನ್ನೆಂದು ಅನುಮಾನಿಸಲಿ, ಶುರು ಮಾಡಿದವಳೇ ನಾನು.

ಸಂಜೆ ವಿಲ್ಮಾಳ ಫೋನ್. ಸಣ್ಣ ದನಿ. "ಭಾನುವಾರ ಊಟಕ್ಕೆ ಬರ್ಬೇಕಂತೆ ನೀವು. ನನ್ನ ಗಂಡ ಎಲ್ಡನ್, ನನ್ನ 'ಗಣಿತದ ಡಾಕ್ಟರನ್ನ' ನೋಡ್ಬೇಕಂತೆ."

ಹಿಂದೆ ಅವನು ಸಿಳ್ಳೆ ಹಾಕುತ್ತಿದ್ದದ್ದು ಕೇಳಿಸಿತು.

ಮಾರ್ಚ್ 20, ಭಾನುವಾರ, ಸಂಜೆ 5

ಗೋಮಾಂಸದ ರೋಸ್ಟು, ಬೇಯಿಸಿದ ಕ್ಯಾರೆಟ್. ಪ್ರೆಂಟಿಸ್ ಚರ್ಚಿಗೆ ಹೋಗಿಬಂದ ಸೂಟಿನಲ್ಲೇ ಕೂತಿದ್ದ. ತುಂಬಾ ಮರ್ಯಾದೆ. ಕುರ್ಚಿ ಎಳೆದುಕೊಟ್ಟ. ಮರ್ಯಾದೆ ಹೆಚ್ಚಿದಷ್ಟೂ ನನ್ನ ಕಿವಿ ನೆಟ್ಟಗಾಗುತ್ತದೆ.

"ಹೇಳಿ ಮೇಡಂ, ನಮ್ಮನೆಯವಳಿಗೆ ಏನು ಕಲಿಸಿದ್ರಿ? ನೋಡೋಣ. ವಿಲ್ಮಾ, ಕೋಟಿನ ಬೆಲೆ ಇಪ್ಪತ್ತು ಪರ್ಸೆಂಟ್ ಏರ್ಸಿದ್ರು. ಆಮೇಲೆ ಇಪ್ಪತ್ತು ಪರ್ಸೆಂಟ್ ಇಳ್ಸಿದ್ರು. ಈಗೆಷ್ಟು?"

ವಿಲ್ಮಾ ಗ್ರೇವಿ ಬಡಿಸುತ್ತಿದ್ದಳು. "ಮೊದಲಿದ್ದಷ್ಟೇ ಅಲ್ವಾ?"

ಮೇಜು ಕುಟ್ಟಿ ನಕ್ಕ. "ನೋಡಿದ್ರಾ? ಇದೇ ನಿಮ್ಮ ಕ್ಲಿನಿಕ್ಕು. ಗುರುವಾರ ಸಮಿತೀಲಿ ನಾನು ಇದನ್ನೇ ಹೇಳ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಬಾಯಿ ತೆರೆದಿದ್ದರೆ ಕ್ಲಿನಿಕ್ ಉಳಿಯುತ್ತಿತ್ತು. ನಿಮ್ಮ ಹೆಂಡತಿಗೆ ಎಲ್ಲ ಗೊತ್ತು, ನಾಟಕ ಆಡುತ್ತಿದ್ದಾಳೆ, ಅಷ್ಟೇ ಸಾಕಿತ್ತು. ಆಕೆ ನನ್ನತ್ತ ನೋಡಲಿಲ್ಲ, ಬೇಡಲಿಲ್ಲ. ನಾನು ಕ್ಯಾರೆಟ್ ಬಾಯಿಗೆ ತುರುಕಿಕೊಂಡೆ. ಒಮ್ಮೆ ಅವಳ ಗುಟ್ಟು ಬಿಟ್ಟುಕೊಟ್ಟದ್ದು ಸಾಕು. ಕ್ಲಿನಿಕ್ ಹಾಳಾಗಿ ಹೋಗಲಿ.

ಆಗ ವಿಲ್ಮಾ ಗ್ರೇವಿ ಪಾತ್ರೆ ಕೆಳಗಿಟ್ಟಳು.

"ಅಲ್ಲ ಎಲ್ಡನ್. ನೂರಿದ್ದದ್ದು ತೊಂಬತ್ತಾರು ಆಗುತ್ತೆ." ಅಂಗೈಯನ್ನು ಏಪ್ರನ್ನಿಗೆ ಒರೆಸಿದಳು. "ಹೋದ ವರ್ಷದ ನಿನ್ನ ರಿಸರ್ಚ್ ಪೇಪರಲ್ಲಿ ಎರಡನೇ ಪ್ರಮೇಯದ ಸಾಧನೆ ತಪ್ಪಿತ್ತು. ಟೈಪ್ ಮಾಡುವಾಗ ತಿದ್ದಿದೆ. ಅಚ್ಚಾಗಿ ಬಂದ್ಮೇಲೂ ನಿಂಗೆ ಗೊತ್ತಾಗ್ಲಿಲ್ಲ."

ಅವನು ಕೂಗಲಿಲ್ಲ. ತಟ್ಟೆ ನೋಡಿದ. ನ್ಯಾಪ್‌ಕಿನ್ ಮಡಿಸಿದ. "ಕಾಫಿ ತಗೋತೀರಾ, ಮೇಡಂ?"

ಬಾಗಿಲವರೆಗೆ ವಿಲ್ಮಾ ಬಂದಳು. ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. "ಬುಧವಾರ ಬರ್ತೀನಿ. ಸರಿ ಹೇಳ್ತೀನಿ, ಎಲ್ಲರ ಮುಂದೆ." ಈಗ ನಂಬಿದೆ, ಪೂರ್ತಿ.

ಆದರೆ ಆ ಕಾಫಿ... ಅವನು ಸಕ್ಕರೆ ಕೂಡ ಕೇಳಿ ಹಾಕಿದ.

ಮಾರ್ಚ್ 23, ಬುಧವಾರ, ನಾಲ್ಕಕ್ಕೆ ಮುಂಚೆ

ಮಧ್ಯಾಹ್ನ ಪ್ರೆಂಟಿಸನ ಫೋನ್. ದನಿ ಬೆಣ್ಣೆ.

"ಮೇಡಂ, ನಾನು ತಪ್ಪು ತಿಳ್ಕೊಂಡಿದ್ದೆ. ನಿಮ್ಮ ಕ್ಲಿನಿಕ್ ಅದ್ಭುತ ಕೆಲಸ ಮಾಡುತ್ತೆ. ನಾಳೆ ಸಮಿತೀಲಿ ನಾನೇ ಎದ್ದು ನಿಂತು ಹೇಳ್ತೀನಿ."

ನಾನು ಕುರ್ಚಿಯಿಂದ ಎದ್ದು ನಿಂತೆ.

"ನಮ್ಮನೆಯವಳು ಪೂರ್ತಿ ಗುಣ ಆಗಿದ್ದಾಳೆ. ಅಂದ್ಮೇಲೆ ಇನ್ನು ಅಲ್ಲಿಗೆ ಬರೋ ಅಗತ್ಯ ಇಲ್ಲ, ಅಲ್ವಾ? ಬೇಸಿಗೆವರೆಗೆ ದೂರದ ಮೇಯ್ನ್ ರಾಜ್ಯದಲ್ಲಿರೋ ಅವಳ ಅಕ್ಕನ ಮನೇಗೆ ಕಳ್ಸಿದ್ದೀನಿ. ಬೆಳಿಗ್ಗೆ ಬಸ್ ಹತ್ತಿಸ್ದೆ. ಟೈಪಿಂಗಿಗೆ ಬೇರೆ ಹುಡುಗಿ ಸಿಕ್ಕಿದ್ದಾಳೆ."

"ಥ್ಯಾಂಕ್ಯೂ" ಅಂದೆ. ಅವನಿಗೆ. ಥ್ಯಾಂಕ್ಯೂ ಅಂದೆ! ವಿಲ್ಮಾಳನ್ನು ದೂರ ಸಾಗಿಸಿದ್ದಕ್ಕೇ ಥ್ಯಾಂಕ್ಯೂ ಅಂದೆ ಅಂತ ಫೋನ್ ಇಟ್ಟ ಮೇಲೆ ಗೊತ್ತಾಯಿತು.

ಅಕ್ಕನ ನಂಬರ್ ಯಾರ ಬಳಿ ಸಿಗುತ್ತದೆ? ಅಕ್ಕನ ಹೆಸರೇನು? ನಮ್ಮಲ್ಲಿ ಯಾರೂ ಏನೂ ಕೇಳುವುದಿಲ್ಲವಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ. ನೋರೀನ್ ಇರಬೇಕು, ಜೊತೆಗೆ ಬೆಟೀನಾ. ನಗುತ್ತಾ ಬರುತ್ತಿದ್ದಾರೆ. ಕ್ಲಿನಿಕ್ ಉಳಿಯಿತು ಅಂತ ನಾನೇ ಹೇಳಬೇಕು. ಹೇಗೆ ಉಳಿಯಿತು ಅಂತ ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ, ಆಗ ನಾನು—