ಎಲ್ಲಿ ನಿಂತಿತ್ತೋ ಅಲ್ಲಿಂದ

ಮಾಲಾ ಅವರಿಗೆ,

ಬೈಲಹೊಂಗಲದಿಂದ ಸುಚೇತಾ ಮಾಡುವ ನಮಸ್ಕಾರ. ರಾಮದುರ್ಗದಲ್ಲಿ ಕುಳಿತು ನಮ್ಮ ಉತ್ತರದ ದಾರಿ ಕಾದು ನಿಮಗೆ ಸಾಕಾಗಿದೆ ಎಂದು ಬಲ್ಲೆ. "ನನ್ನ ಕೆಲಸ ಬ್ಯಾಡಾದ್ರ ಬ್ಯಾಡ ಅಂತ ಹೇಳ್ರಿ, ನಾ ಬಿಟ್ಟ ಹೋಗತೇನಿ. ಸುಮ್ಮ ಕುಂತ್ರ ನಾ ಏನ ತಿಳೀಲಿ?" ಎಂದು ನೀವು ಮೊನ್ನೆ ಬರೆದದ್ದನ್ನು ಓದಿ ನಾಚಿಕೆಯಾಯಿತು. ನಿಮ್ಮ ಹೆಸರು, ಓಣಿ ಕೇಳಿ ನಾವು ಸುಮ್ಮನಾದೆವು ಎಂದು ನಿಮಗೆ ಅನ್ನಿಸಿದ್ದರೆ ತಪ್ಪಿಲ್ಲ. ಹಾಗೆ ಸುಮ್ಮನಾಗುವವರನ್ನು ಈ ಸೀಮೆಯಲ್ಲಿ ನೀವು ಬೇಕಾದಷ್ಟು ಕಂಡಿದ್ದೀರಿ. ಕಾರಣ ಬೇರೆ ಇತ್ತು. ಬಾಗಿಲ ಹೊರಗೆ ನಿಂತವರಿಗೆ ಕಾರಣ ಯಾವುದಾದರೇನು, ಅದೂ ನಿಜ. ಆದರೂ ಅದನ್ನು ಹೇಳದೆ ನಿಮಗೆ ಸ್ವಾಗತ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಣ್ಣು ಕಾಣದವರಿಗೆ ಮೊಬೈಲಿನಲ್ಲಿ ಕನ್ನಡ ಓದಿ ಹೇಳುವ ನಮ್ಮ ‘ಓದುಗ’ ಆ್ಯಪನ್ನು ಶುರು ಮಾಡಿದವರು ದೇಗಾಂವದ ವೆಂಕಣ್ಣ ಮಾಸ್ತರರು. ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಲಿ ಎಂದು ಅದನ್ನು ನಡೆಸುವ ಕೋಡ್ ಸಾಲುಗಳನ್ನೆಲ್ಲ ತೆರೆದಿಟ್ಟರು. ಸಂಬಳವಿಲ್ಲ, ಹುದ್ದೆಯಿಲ್ಲ, ಮನಸ್ಸಿದ್ದವರು ಬಂದು ದುಡಿಯುವ ಬಳಗ. ಹೊಸಬರಿಗೆ ಅವರೇನೂ ಹಾರ ತುರಾಯಿ ಕೊಡುತ್ತಿರಲಿಲ್ಲ. "ಮೊದ್ಲ ನನ್ನ ಕೆಲಸದಾಗ ಒಂದ ತಪ್ಪ ಹುಡಕ್ರಿ. ಚಹಾ ಆಮ್ಯಾಲ" ಅನ್ನುತ್ತಿದ್ದರು. ಎಲ್ಲರಿಗಿಂತ ಹಿರಿಯರ ತಪ್ಪು ಹಿಡಿದವರೇ ನಮ್ಮವರಾಗುವುದು, ಅದೇ ಪದ್ಧತಿ. ನಾನು ಬಂದ ದಿನ ಏನೂ ಸಿಗದೆ ಅಳುಮೋರೆ ಮಾಡಿಕೊಂಡು ಕೂತಾಗ, "ಭಾಳ ಮರ್ಯಾದಿಯವ್ರ ಇದ್ದೀರಿ, ಕೆಲಸಕ್ಕ ಬರಂಗಿಲ್ಲ" ಎಂದು ನಕ್ಕಿದ್ದರು. ಮರುದಿನ ಸಿಟ್ಟಿಗೇ ಒಂದು ತಪ್ಪು ಹಿಡಿದೆ. ಚಹಾ ಸಿಕ್ಕಿತು.

ಮುಂದೆ ಮಾಸ್ತರರು ಹಾಸಿಗೆ ಹಿಡಿದರು. ಜಡ್ಡಾದವರ ತಪ್ಪು ಎತ್ತಿ ಆಡುವುದೇ ಎಂದು ನಾವೇ ಹೊಸಬರ ಕೈ ತಡೆದೆವು. ಅವರು ತೀರಿಕೊಂಡ ಮೇಲಂತೂ ಅವರು ಬರೆದ ಸಾಲುಗಳು ನಮಗೆ ಗದ್ದುಗೆಯಂತಾದವು. ಕೈ ಮುಗಿದೆವು, ಮುಟ್ಟಲಿಲ್ಲ. ಹೊಸಬರಿಗೆ ಗುಂಪಿನಲ್ಲಿ ಹೂವಿನ ಚಿತ್ರ ಕಳಿಸಿ ಸ್ವಾಗತ ಕೋರುತ್ತಿದ್ದೆವು. ಅವರು ನಾಲ್ಕು ದಿನ ಇದ್ದು, ಮಾಡಲು ಏನೂ ಕಾಣದೆ ಹೊರಟು ಹೋಗುತ್ತಿದ್ದರು.

ಅಷ್ಟರಲ್ಲಿ ನೀವು ಬಂದಿರಿ. ನಿಮ್ಮ ತಾಯಿ ಮರೆವ್ವನವರು ಬುದ್ಧನ ಕತೆ ಕೇಳುವಾಗ ನಡುವೆ ಫೋನು ಬಂದರೆ ಸಾಕು, ಓದುಗ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ ಎಂದಿರಿ. "ನಮ್ಮವ್ವನ ಕತಿ ಮುಂದ ಹೋಗೂದ ಇಲ್ರಿ. ರಾಜಕುಮಾರ ಇನ್ನೂ ಅರಮನಿ ಬಿಡವಲ್ಲ" ಎಂದು ಬರೆದು, ನಿಂತಲ್ಲಿಂದಲೇ ಓದು ಮುಂದುವರಿಯುವಂತೆ ತಿದ್ದಿ ಕಳಿಸಿದಿರಿ. ಓದಿ ನಾನು ನಕ್ಕೆ, ಆಮೇಲೆ ಗಾಬರಿಯಾದೆ. ನೀವು ತಿದ್ದಿದ್ದು ಮಾಸ್ತರರೇ ಬರೆದ ಸಾಲುಗಳನ್ನು. ಕಿತ್ತೂರಿನ ನಮ್ಮ ಗೆಳೆಯ ಸಮೀರ, "ಮಾಸ್ತರ್ರು ಬೇಕಂತನ ಹಂಗ ಇಟ್ಟಾರ. ತಗಿಯಾಕ ನಾವ್ಯಾರು?" ಎಂದ. ಬೇಕೆಂದೇ ಇಟ್ಟದ್ದು ಹೌದು. ಅವರ ಮನೆಯಲ್ಲಿ ಪಾರಾಯಣ ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದಲೇ ಹೇಳಬೇಕು. ಆ ಶಿಸ್ತನ್ನು ಅವರು ಯಂತ್ರಕ್ಕೂ ಕಲಿಸಿಬಿಟ್ಟಿದ್ದರು. ಅದು ತಪ್ಪೆಂದು ಅವರಿಗೂ ಹೊಳೆದಿರಲಿಲ್ಲ, ನಮಗೂ ಹೊಳೆಯಲಿಲ್ಲ. ಕತೆಯ ಕೊನೆ ಕಾಣದೆ ಎಷ್ಟು ಜನ ಮೊಬೈಲು ಕೆಳಗಿಟ್ಟರೋ ಏನೋ.

ಕೇಳಿಯೇ ಬಿಡೋಣವೆಂದು ಹೋದ ರವಿವಾರ ದೇಗಾಂವಕ್ಕೆ ಹೋದೆ. ಮಾಸ್ತರರ ಹೆಂಡತಿ ನರ್ಮದಾ ಕಾಕು ಮೆಂತೆಪಲ್ಯ ಸೋಸುತ್ತ ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಕಡೀಕಡೀಕ ದಿನಾ ಕೇಳತಿದ್ರವಾ, ಯಾರರ ನನ್ನ ತಪ್ಪ ಹಿಡದಾರೇನು ಅಂತ. ಇಲ್ಲ ಅಂದ್ರ ಗ್ವಾಡಿ ಕಡೆ ಹೊಳ್ಳಿ ಮಲಗತಿದ್ರು. ಅಂದ್ರ ಹೊಸಬ್ರು ಯಾರೂ ಬರವಲ್ರು ಅನ್ನವ್ರು."

ನಾವು ಗೌರವ ಎಂದುಕೊಂಡದ್ದು ಅವರಿಗೆ ಹೀಗೆ ಮುಟ್ಟಿತ್ತು, ಮಾಲಾ. ತಾವು ಕಟ್ಟಿದ ಬಳಗಕ್ಕೆ ಇನ್ನು ಯಾರೂ ಬರುವುದಿಲ್ಲ ಎಂದುಕೊಂಡೇ ಅವರು ಕಣ್ಣು ಮುಚ್ಚಿದರು. ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗೆ ಹಿಡಿದು ಅತ್ತೆ. ನೀವು ಎರಡು ವರ್ಷ ಮೊದಲೇ ಬರಬಾರದಿತ್ತೇ ಎಂದು ನಿಮ್ಮ ಮೇಲೂ ಸಿಟ್ಟು ಬಂತು. ಬಂದಿದ್ದರೆ ನಿಮ್ಮ ಕೈಯನ್ನೂ ನಾವು ತಡೆಯುತ್ತಿದ್ದೆವು ಎಂಬುದು ಆಮೇಲೆ ನೆನಪಾಯಿತು.

ಇಂದು ಬೆಳಿಗ್ಗೆ ಮಾಸ್ತರರ ಸಾಲುಗಳನ್ನು ನಾನೇ ತೆಗೆದು ನಿಮ್ಮವನ್ನು ಸೇರಿಸಿದೆ. ಸಮೀರ ಮನಸ್ಸಿಲ್ಲದಿದ್ದರೂ ಕೊನೆಯವರೆಗೆ ಫೋನಿನಲ್ಲೇ ಇದ್ದ. ಮುಗಿದ ಮೇಲೆ, "ಅಕ್ಕಾರ, ಓದಾಕ ಹಚ್ರಿ, ನಾ ನಡುವ ಫೋನ್ ಮಾಡತೇನಿ" ಎಂದ. ಅದೇ ಬುದ್ಧನ ಕತೆ ಹಚ್ಚಿದೆ. ಅವನು ಫೋನು ಮಾಡಿದ, ಓದು ನಿಂತಿತು. ಕರೆ ಕಡಿದೊಡನೆ ಮುಂದಿನ ಸಾಲು ಕೇಳಿಸಿತು. ಮಾಸ್ತರರು ಹೋದ ಮೇಲೆ ನಮ್ಮಲ್ಲಿ ಏನಾದರೂ ಮುಂದೆ ಹೋದದ್ದು ಇದೇ ಮೊದಲು.

ಮರೆವ್ವನವರಿಗೆ ಹೇಳಿರಿ, ರಾಜಕುಮಾರ ಇನ್ನು ಅರಮನೆ ಬಿಡಬಹುದು.

ಈಗ ಬಳಗದಲ್ಲಿ ಎಲ್ಲರಿಗಿಂತ ಹಿರಿಯಳು ನಾನೇ. ಅಂಕಿಗಳನ್ನು ಓದುವ ಭಾಗ ಪೂರ್ತಿ ನಾನು ಬರೆದದ್ದು. ಅದರ ಮೇಲೆ ನನಗೆ ಸ್ವಲ್ಪ ಜಂಬವೂ ಇದೆ. ನಿಮ್ಮ ಹಿಂದೆ ಬರುವವರಿಗೂ ತೋರಿಸಿರಿ. ಬೈಲಹೊಂಗಲಕ್ಕೆ ಬರ್ರಿ. ಅದರಲ್ಲಿ ಒಂದು ತಪ್ಪು ಹುಡುಕ್ರಿ. ಚಹಾ ಆಮೇಲೆ.

ನಿಮ್ಮ ಕೈ ಯಾರ ಬರಹದ ಮುಂದೆಯೂ ಹಿಂಜರಿಯದಿರಲಿ ಎಂದು ಹರಸುವ,

ನಿಮ್ಮ ಬಳಗದ
ಸುಚೇತಾ