ಹನುಮಿಯ ಬಲ ಹನ್ನೆರಡು

ಪಾವಗಡ

ಮಕ್ಕಳ ಪತ್ರಿಕೆಯ ಸಂಪಾದಕರಾದ ಲಕ್ಷ್ಮೀಪತಿಯವರಿಗೆ ನಮಸ್ಕಾರ.

ನಮ್ಮ ಚಿತ್ರಕಥೆಯ ಕೊನೆಯ ಕಂತನ್ನು ನೀವು ತಡೆದಿರೆಂದು ಚಿತ್ರ ಬರೆಯುವ ಶಾಜಿಯಾ ಸಿರಾದಿಂದ ಫೋನ್ ಮಾಡಿದ್ದಳು. "ಅಕ್ಕಾ, ಬಂಡೆರಾಯನ ಬಲ ಒಂಬತ್ತು ಸಾವಿರ, ನಮ್ ಹನುಮೀದು ಬರೀ ಹನ್ನೆರಡು. ಹತ್ತು ಸಾವಿರ ಮಾಡಿ, ಇಲ್ಲಾಂದ್ರೆ ಕಥೆ ಬಂದ್ ಅಂತಾವ್ರೆ" ಎಂದಳು.

ಮಾಡುವುದಿಲ್ಲ.

ಪಾತ್ರಗಳ ತಲೆಯ ಮೇಲೆ ಬಲದ ಅಂಕಿ ಹಾಕಿದ್ದು ನಾನೇ. ಹನುಮಿ ಗೆಲ್ಲಲಾರಳು ಎಂದು ಮಕ್ಕಳು ಹೆದರಲಿ ಎಂದೇ ಹಾಕಿದೆ. ಹತ್ತು ಸಾವಿರವು ಒಂಬತ್ತು ಸಾವಿರವನ್ನು ಸೋಲಿಸಿದರೆ ಅದು ಕಾಳಗವಲ್ಲ, ಮೂರನೇ ತರಗತಿಯ ಲೆಕ್ಕ. ಅಂಕಿ ಏರಿದರೆ ಶಂಕೆ ಹಾರುತ್ತದೆ, ಶಂಕೆ ಹಾರಿದರೆ ಓದುಗನೂ ಹಾರುತ್ತಾನೆ. ಪ್ರಾಸ ನನ್ನ ಚಟ, ಸಹಿಸಿಕೊಳ್ಳಿ.

ಕೊಳಾಲದಲ್ಲಿ ಕುಸ್ತಿಗೆ ಜೋಡಿ ಕಟ್ಟುವ ಚೌಡಯ್ಯಮಾವನನ್ನೂ ಕೇಳಿದೆ. "ಸರಿಜೋಡಿ ಕಟ್ಟುದ್ರೆ ಜನ ಶಿಳ್ಳೆ ಹೊಡೀತಾರೆ ಕಣಮ್ಮ. ಆನೆ ಮುಂದೆ ಆಡುಮರಿ ಬುಟ್ಟು ನೋಡು, ಒಬ್ರೂ ಉಸ್ರು ಬುಡಾಕಿಲ್ಲ" ಎಂದರು.

ನಿಡುಗಲ್ ಬೆಟ್ಟದ ತುದಿಯಲ್ಲಿ ಬಂಡೆರಾಯ ಆ ಹನ್ನೆರಡನ್ನು ಓದಿ, ನಕ್ಕು, ಬೆನ್ನು ತಿರುಗಿಸುತ್ತಾನಲ್ಲ, ಹನುಮಿಗೆ ಸಿಗುವುದು ಆ ಒಂದು ಗಳಿಗೆ. ಹತ್ತು ಸಾವಿರವನ್ನು ಕಂಡವನು ಬೆನ್ನು ತಿರುಗಿಸುತ್ತಾನೆಯೇ? ಅವನನ್ನು ಕೆಡವಿದ ಮೇಲೂ ಅವಳದು ಹನ್ನೆರಡೇ.

ಒಪ್ಪದಿದ್ದರೆ ಚಿತ್ರಗಳನ್ನು ಮಡಿಸದೆ ಪಾವಗಡದ ಬಸ್ಸಿನಲ್ಲಿ ಕಳಿಸಿ. ಒಪ್ಪಿದರೆ ಹಾಗೇ ಅಚ್ಚು ಹಾಕಿ. ಏನಾದರೂ ತಿದ್ದಲೇಬೇಕು ಎನಿಸಿದರೆ ನನ್ನ ಹೆಸರನ್ನು ಹೊಡೆದುಹಾಕಿ, ಅವಳ ಅಂಕಿಯನ್ನು ಮುಟ್ಟಬೇಡಿ.

ಇಂತಿ, ಜಗ್ಗದ
ವೇದಾವತಿ